ಸ್ಟಿಕ್ಕರಿನ ಕೆಳಗೆ

ಪಾಠ ಶುರುವಾಗುವ ಮುಂಚೆ ಕಾರಿಗೆ ಒಂದು ಸುತ್ತು ಬರಬೇಕು. ಇದು ಮೇಷ್ಟ್ರ ನಿಯಮ. ಬಂದವರೇ ಸೀಟಿನಲ್ಲಿ ಕೂತು ಕೀಲಿ ತಿರುಗಿಸುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಟೈರು, ದೀಪ, ಕನ್ನಡಿ, ಆಮೇಲೆ ಮುಂದಿನ ಗಾಜು, ಎಲ್ಲವನ್ನೂ ಮುಟ್ಟಿ ನೋಡಿದ ಮೇಲೆಯೇ ಬಾಗಿಲು ತೆಗೆಯಬೇಕು. ಡ್ರೈವಿಂಗ್ ಶಾಲೆಯಲ್ಲಿ ಅವರಿಗೆ ಬ್ರೇಕ್ ಮೇಷ್ಟ್ರು ಎಂದೇ ಹೆಸರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಅವರ ಪಾದ ಎದ್ದದ್ದನ್ನು ಕಂಡವರಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಮೇಜಿನಡಿ ಬಲಗಾಲು ಒತ್ತುತ್ತಲೇ ಇರುತ್ತದೆ ಎಂದು ಹೆಂಡತಿ ಗೇಲಿ ಮಾಡುವುದುಂಟು.

ಆ ಮಧ್ಯಾಹ್ನ ಕಾರನ್ನು ಸುತ್ತುತ್ತಿದ್ದವಳು ಲಾಂಡ್ರಿಯ ಹೆಂಗಸು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಆಕೆ ಬಿಸಿ ರೋಲರಿನ ಮುಂದೆ ನಿಲ್ಲುವ ಕೆಲಸದವಳು. ಮೊಣಕೈವರೆಗೂ ಸಣ್ಣಸಣ್ಣ ಸುಟ್ಟ ಕಲೆಗಳು. ಲಾಂಡ್ರಿಯ ಒಡತಿ ಹೊಸದಾಗಿ ಒಂದು ವ್ಯಾನು ಕೊಂಡಿದ್ದಳು. ನಮ್ಮಲ್ಲೇ ಯಾರಾದರೂ ಓಡಿಸಲು ಕಲಿತರೆ ಹೊರಗಿನವರನ್ನು ಯಾಕೆ ಕರೆಯಲಿ ಎಂದು ಕೇಳಿದಾಗ ಕೈ ಎತ್ತಿದ್ದು ಈಕೆ ಒಬ್ಬಳೇ. ಕೈ ಎತ್ತಿದ ಮೇಲೆ ಜೊತೆಗಾರ್ತಿಯರೆಲ್ಲ ನಕ್ಕರಂತೆ. ವಯಸ್ಸು ನಲವತ್ತು ದಾಟಿತ್ತು. ರೋಲರಿನ ಬಿಸಿಗೆ ಉಸಿರು ಕಟ್ಟುತ್ತಿತ್ತು, ಡಾಕ್ಟರು ಆ ಜಾಗ ಬಿಡಿ ಎಂದಿದ್ದರು. ಬಿಟ್ಟು ಎಲ್ಲಿಗೆ ಹೋಗುವುದು? ವ್ಯಾನಿನ ಸೀಟಿಗೆ. ಹಾಗಾಗಿ ಊಟದ ಬಿಡುವಿನಲ್ಲಿ ಊಟ ಬಿಟ್ಟು ಕಲಿಯಲು ಬರುತ್ತಿದ್ದಳು.

"ಗಾಜಿನ ಮೇಲೆ ಉಗುರು ಆಡಿಸಿ ನೋಡಿ," ಎಂದರು ಮೇಷ್ಟ್ರು. "ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತೆ. ಎಲ್ಲಾದ್ರೂ ತಡೆದ್ರೆ ಅಲ್ಲೊಂದು ಚುಕ್ಕೆ ಇದೆ ಅಂತ ಅರ್ಥ. ಸಣ್ಣದಿದ್ದಾಗಲೇ ಗಾಜಿನಂಗಡಿಯವನ ಹತ್ತಿರ ಹೋದ್ರೆ ಅಂಟು ತುಂಬಿ ಸರಿ ಮಾಡ್ತಾನೆ. ಬಿಟ್ರೆ ಕಾಲು ಬಿಟ್ಕೊಂಡು ಓಡುತ್ತೆ. ಅದ್ರಲ್ಲೂ ಅಂಚಿನ ಹತ್ತಿರ ಇದ್ರೆ ಮುಗೀತು."

ಆಕೆ ಶ್ರದ್ಧೆಯಿಂದ ಉಗುರು ಆಡಿಸುತ್ತ ಈ ಕಡೆಯಿಂದ ಆ ಕಡೆಗೆ ಬಂದಳು. ಮೇಷ್ಟ್ರು ಕೂರುವ ಕಡೆ, ಗಾಜಿನ ಕೆಳಮೂಲೆಯಲ್ಲಿ, ಅಂಗೈ ಅಗಲದ ಹಳದಿ ಸ್ಟಿಕ್ಕರ್ ಇತ್ತು. 'ಕಲಿಯುತ್ತಿದ್ದೇವೆ, ತಾಳ್ಮೆಯಿರಲಿ' ಎಂದು ಅದರ ಮೇಲೆ ಬರೆದಿತ್ತು. ಆಕೆಯ ಬೆರಳು ಅಲ್ಲಿಗೆ ತಲುಪಿತು.

"ಅದು ಸ್ಟಿಕ್ಕರ್. ಅಲ್ಲಿ ಬೇಡ, ಕಿತ್ತು ಬರುತ್ತೆ," ಎಂದರು ಮೇಷ್ಟ್ರು, ತುಸು ಬೇಗನೆ. "ಹತ್ತಿ, ಹೊತ್ತಾಯ್ತು."

ಕಾರು ಬಿಸಿಲಲ್ಲಿ ನಿಂತು ಒಲೆಯಾಗಿತ್ತು. ಮೇಷ್ಟ್ರು ತಣ್ಣನೆಯ ಗಾಳಿಯನ್ನು ಪೂರ್ತಿ ತಿರುಗಿಸಿ ಗಾಜಿನ ಕಡೆಗೇ ಬಿಟ್ಟರು. ಆಕೆ ಚೆನ್ನಾಗಿಯೇ ಓಡಿಸಿದಳು. ಮಾರುಕಟ್ಟೆಯ ಬೀದಿ ದಾಟಿದ್ದಾಯಿತು, ಸೇತುವೆ ದಾಟಿದ್ದಾಯಿತು. ಮಕ್ಕಳ ಶಾಲೆಯೊಂದರ ಹತ್ತಿರದ ರಸ್ತೆಯುಬ್ಬು ಕಂಡಾಗ ವೇಗ ಇಳಿಸಿ, ಗೇರು ಬದಲಿಸಿ, ಹೇಳಿಕೊಟ್ಟ ಹಾಗೆಯೇ ಮೆಲ್ಲಗೆ ಹತ್ತಿಸುತ್ತಿದ್ದಳು. ಅಷ್ಟರಲ್ಲಿ ಮೇಷ್ಟ್ರ ಪಾದ ತನ್ನ ಹಳೇ ಚಾಳಿಗೆ ಬಿದ್ದು ಬ್ರೇಕನ್ನು ಜೋರಾಗಿ ಒತ್ತಿತು. ಕಾರು ಕುಕ್ಕಿ ನಿಂತಿತು. ಟಕ್ ಎಂದು ಒಂದು ಸದ್ದಾಯಿತು. ಹಳದಿ ಸ್ಟಿಕ್ಕರಿನ ಅಂಚಿನಿಂದ ಒಂದು ಗೆರೆ ಹೊರಟು, ನೋಡನೋಡುತ್ತಿದ್ದಂತೆ ಆಕೆಯ ಕಣ್ಣೆದುರಿನವರೆಗೂ ಹರಿದು ನಿಂತಿತು.

"ಅಯ್ಯೋ! ಏನ್ ಮಾಡಿಬಿಟ್ರಿ!" ಎಂದರು ಮೇಷ್ಟ್ರು. ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ತಾನಾಗಿ ಬಂದದ್ದು.

ಆಕೆಯ ಮುಖ ಬಟ್ಟೆಯ ಹಾಗೆ ಬಿಳಿಚಿಕೊಂಡಿತು. "ನಾನಾ? ನಾನು ಮಾಡಿದ್ದಾ ಸರ್?"

ಅಲ್ಲೇ, ಆ ಕ್ಷಣದಲ್ಲೇ, ಇಲ್ಲ ಎನ್ನಬಹುದಿತ್ತು. ಮೇಷ್ಟ್ರು ಹೊರಗೆ ನೋಡುತ್ತ ಸುಮ್ಮನೆ ಕೂತರು. ಆ ಮೌನವನ್ನು ಆಕೆ ಉತ್ತರವೆಂದೇ ತಿಳಿದಳು. ಸ್ಟೇರಿಂಗಿನ ಮೇಲಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ವಾಪಸು ಕಾರು ಓಡಿಸಿಕೊಂಡು ಬಂದವರು ಮೇಷ್ಟ್ರು.

ಸ್ಟಿಕ್ಕರಿನ ಕೆಳಗೆ ಏನಿತ್ತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಲವು ವಾರಗಳ ಹಿಂದೆ, ಪಾಠ ಮುಗಿಸಿ ಒಬ್ಬರೇ ಬರುವಾಗ, ಮನೆಗೆ ಹೋಗುವ ಅವಸರದಲ್ಲಿ ಮರಳಿನ ಲಾರಿಯೊಂದರ ಬಾಲ ಹಿಡಿದಿದ್ದರು. ಮುಂದಿನ ವಾಹನದಿಂದ ದೂರವಿರಿ ಎಂದು ದಿನಾ ಗಂಟಲು ಹರಿದುಕೊಳ್ಳುವ ಮನುಷ್ಯ! ಲಾರಿಯ ಚಕ್ರದಿಂದ ಹಾರಿದ ಕಲ್ಲು ಗಾಜಿಗೆ ಬಡಿದು ಬಟಾಣಿ ಗಾತ್ರದ ಚುಕ್ಕೆಯಾಯಿತು. ಸುತ್ತ ನಕ್ಷತ್ರದ ಹಾಗೆ ಸಣ್ಣ ಸಣ್ಣ ಕಾಲುಗಳು. ಅರ್ಧ ಗಂಟೆಯ ಕೆಲಸ, ಗಾಜಿನಂಗಡಿಯವನು ತುಂಬಿಕೊಡುತ್ತಿದ್ದ. ಆದರೆ ಅದಕ್ಕೆ ಯಜಮಾನರಿಗೆ ಹೇಳಬೇಕು. ಹೇಳಿದರೆ ಸೋಮವಾರದ ಚಹಾದಲ್ಲಿ ಎದ್ದು ನಿಲ್ಲಬೇಕು.

ಸೋಮವಾರದ ಚಹಾ ಆ ಡ್ರೈವಿಂಗ್ ಶಾಲೆಯ ಪದ್ಧತಿ. ಬೆಳಿಗ್ಗೆ ಮೇಷ್ಟ್ರುಗಳೆಲ್ಲ ಕಚೇರಿಯಲ್ಲಿ ಸೇರುತ್ತಾರೆ. ಹಿಂದಿನ ವಾರ ಯಾವ ಕಾರಿಗೆ ಏನಾಯಿತೋ, ಆಗ ಸ್ಟೇರಿಂಗ್ ಯಾರ ಕೈಯಲ್ಲಿತ್ತೋ ಅವರು ಎದ್ದು ನಿಂತು ಹೇಗಾಯಿತೆಂದು ಹೇಳಬೇಕು. ಕಲಿಯುವವರ ಕೈಯಲ್ಲಿದ್ದರೆ ಅವರ ಪರವಾಗಿ ಮೇಷ್ಟ್ರು ಹೇಳುತ್ತಾರೆ. ಒಬ್ಬರ ತಪ್ಪಿನಿಂದ ಎಲ್ಲರೂ ಕಲಿಯಲಿ ಎಂದು ಯಜಮಾನರು ಶುರು ಮಾಡಿದ್ದು, ಬರುಬರುತ್ತ ನಗುವುದಕ್ಕೆ ಒಂದು ನೆಪವಾಗಿತ್ತು. ಎಲ್ಲರೂ ಒಂದಲ್ಲ ಒಂದು ಸಲ ಎದ್ದು ನಿಂತವರೇ. ತಮ್ಮದೇ ತಪ್ಪಿಗೆ ಎಂದೂ ಎದ್ದು ನಿಲ್ಲದವರು ಬ್ರೇಕ್ ಮೇಷ್ಟ್ರು ಒಬ್ಬರೇ. ಆ ಹಿರಿಮೆ ಬಟಾಣಿ ಗಾತ್ರದ ಚುಕ್ಕೆಗೆ ಬಲಿಯಾಗುವುದು ಅವರಿಗೆ ಬೇಡವಾಗಿತ್ತು. ನಾಳೆ ನಾನೇ ಸರಿ ಮಾಡಿಸುತ್ತೇನೆ ಎಂದುಕೊಂಡು, ಶಾಲೆಯ ಕಾರುಗಳಿಗೆಲ್ಲ ಇರಬೇಕಾದ ಹಳದಿ ಸ್ಟಿಕ್ಕರಿನ ಹೊಸದೊಂದನ್ನು ತಂದು ಅದರ ಮೇಲೆ ಅಂಟಿಸಿದರು. ಆ ನಾಳೆ ಬರಲೇ ಇಲ್ಲ.

ಒಡೆದ ಗಾಜನ್ನು ಅಂಗಳದಲ್ಲಿ ನೋಡಿದ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. "ಸ್ಟೇರಿಂಗ್ ಯಾರ ಕೈಲಿತ್ತು?"

"ಆ ಲಾಂಡ್ರಿಯವರ ಕೈಲಿ," ಎಂದರು ಮೇಷ್ಟ್ರು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನೇ ನೆನೆದು ಅವರು ಸಮಾಧಾನ ಮಾಡಿಕೊಂಡರು.

ಸೋಮವಾರ ಎಲ್ಲರೂ ಕಾದು ಕೂತಿದ್ದರು. ಮೇಷ್ಟ್ರು ಮೊದಮೊದಲು ಎರಡು ಮಾತಲ್ಲಿ ಮುಗಿಸಬೇಕೆಂದಿದ್ದರು. ಆದರೆ ಒಬ್ಬ ನಕ್ಕ, ಇನ್ನೊಬ್ಬ "ಹೆಂಗಸರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ" ಎಂದ, ಮೇಷ್ಟ್ರಿಗೆ ಹುರುಪು ಬಂತು. ಆಕೆ ಸ್ಟೇರಿಂಗನ್ನು ಒದ್ದೆ ಹೊದಿಕೆ ಹಿಂಡುವ ಹಾಗೆ ಹಿಡಿಯುತ್ತಾಳೆಂದು ಕೈಯಲ್ಲಿ ಮಾಡಿ ತೋರಿಸಿದರು. ಉಬ್ಬನ್ನು ಇಸ್ತ್ರಿ ಹಾಕಿ ಸಮ ಮಾಡಲು ಹೊರಟಳು ಎಂದರು. ಚಹಾ ಕುಡಿಯುತ್ತಿದ್ದವರಿಗೆ ನೆತ್ತಿಗೇರಿತು. "ನಾನಾ ಸರ್?" ಎಂದು ಆಕೆಯ ಧ್ವನಿಯನ್ನೂ ಅನುಕರಿಸಿದರು. ಆಗ ಮಾತ್ರ ನಡುವೆ ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು.

ಆಕೆ ಆ ವಾರ ಬರಲಿಲ್ಲ. ಬದಲಿಗೆ ಲಾಂಡ್ರಿಯಿಂದ ಫೋನ್ ಬಂತು. ಆಕೆ ಕಲಿಯುವುದನ್ನು ಬಿಟ್ಟಿದ್ದಾಳೆ, ತನ್ನ ಕೈಯಲ್ಲಿ ಆಗದು ಎನ್ನುತ್ತಾಳೆ, ಹೊರಗಿನ ಡ್ರೈವರ್ ಯಾರಾದರೂ ಗೊತ್ತಿದ್ದರೆ ಹೇಳಿ ಎಂದು ಒಡತಿ ಕೇಳಿದ್ದಳು. ಯಜಮಾನರು ಅದನ್ನು ಹೇಳಿದಾಗ ಮೇಷ್ಟ್ರು ಹೂಂಗುಟ್ಟಿದರು. ಒಂದು ಕ್ಷಣ ಹಗುರಾಯಿತು ಕೂಡ. ಇನ್ನು ಆಕೆಯ ಮುಖ ನೋಡಬೇಕಾಗಿಲ್ಲವಲ್ಲ ಎಂದು ಅನಿಸಿದ್ದಕ್ಕೇ ಆಮೇಲೆ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

ಅವತ್ತು ಸಂಜೆ ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದ. ಆ ಶಾಲೆಯ ಇನ್ನೊಬ್ಬ ಮೇಷ್ಟ್ರು ಅವನಿಗೆ ಪರಿಚಯ. "ಭಾವ, ಅದೇನೋ ಇಸ್ತ್ರಿ ಕಥೆಯಂತೆ, ಊರೆಲ್ಲ ನಗ್ತಾ ಇದೆ. ನಿಮ್ಮ ಬಾಯಲ್ಲೇ ಕೇಳಬೇಕು," ಎಂದ. ಬೇಡ ಎಂದರೂ ಬಿಡಲಿಲ್ಲ. ಮೇಷ್ಟ್ರು ಹೇಳಿದರು. ಹಿಂಡುವ ಕೈ ತೋರಿಸಿದರು, ಆಕೆ ಕಲಿಯುವುದನ್ನೇ ಬಿಟ್ಟಳೆಂದೂ ಸೇರಿಸಿದರು. ಭಾವಮೈದ ಮೇಜು ಕುಟ್ಟಿ ನಕ್ಕ.

ಹೆಂಡತಿ ನಗಲಿಲ್ಲ. ತಟ್ಟೆಗೆ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತ್ತು. ಮೇಷ್ಟ್ರು ಅವಳ ಕಡೆ ನೋಡಿದರು, ಆಮೇಲೆ ನೋಡಲಿಲ್ಲ.

ತಮ್ಮನನ್ನು ಬಾಗಿಲವರೆಗೆ ಕಳಿಸಿ ಬಂದು ಅವಳು ಎದುರಿನ ಕುರ್ಚಿಯಲ್ಲಿ ಕೂತಳು. "ರೀ, ಅದೇ ಕಾರಾ?"

"ಯಾವ ಕಾರು?"

"ಮನೆ ಮುಂದೆ ನಿಲ್ಲಿಸಿ ಸ್ಟಿಕ್ಕರ್ ಅಂಟಿಸಿದ್ರಲ್ಲ, ಅದು. ಗುಳ್ಳೆ ಬರಬಾರದು ಅಂತ ನಾನು ಒಂದು ಕಡೆ ಹಿಡ್ಕೊಂಡಿದ್ದೆ. ಒರೆಸಿಕೊಟ್ಟಿದ್ದೂ ನಾನೇ. ಆ ಚುಕ್ಕೆ ನೋಡಿ, ಎಷ್ಟು ಮುದ್ದಾಗಿದೆ, ನಕ್ಷತ್ರದ ಹಾಗೆ, ಅಂದಿದ್ದೆ. ನೆನಪಿದೆಯಾ?"

ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಸ್ಟೇರಿಂಗ್ ಅವಳ ಕೈಲೇ ಇತ್ತು ಕಣೇ. ನಾನು ಸುಳ್ಳು ಹೇಳಿಲ್ಲ. ಗಾಜು ಯಾವತ್ತಿದ್ರೂ ಒಡೀತಿತ್ತು. ಅವಳಿಗೇನು, ಇನ್ನೊಂದು ಕಡೆ ಕಲಿತಾಳೆ. ನಾನು ಇಷ್ಟು ವರ್ಷ ದುಡಿದ ಜಾಗದಲ್ಲಿ ತಲೆ ಎತ್ತಿ ತಿರುಗಬೇಡ್ವಾ?"

"ಕಲಿತಾಳೆ ಅಂತೀರಾ? ಬಿಟ್ಟಿದ್ದಾಳೆ ಅಂತ ನೀವೇ ಈಗ ಅವನಿಗೆ ಹೇಳಿದ್ರಿ." ಅವಳ ಧ್ವನಿ ಏರಲಿಲ್ಲ. "ನಿಮಗೆ ನಾಚಿಕೆಯಾಗುತ್ತೆ ಅಂತ ಮುಚ್ಚಿಟ್ರಿ. ಅದು ನನಗೆ ಅರ್ಥ ಆಗುತ್ತೆ. ಆದ್ರೆ ಆ ನಾಚಿಕೇನ ತೆಗೆದು ಅವಳ ತಲೆ ಮೇಲೆ ಇಟ್ರಲ್ಲ. ಮೇಲೆ ನಕ್ಕಿದ್ದು ಬೇರೆ. ಆ ಸ್ಟಿಕ್ಕರ್‌ಗೆ ಕೈ ಕೊಟ್ಟವಳು ನಾನು. ನನ್ನನ್ನೂ ಸೇರಿಸಿಕೊಂಡುಬಿಟ್ರಿ ಇದರಲ್ಲಿ."

ಇಷ್ಟು ವರ್ಷಗಳಲ್ಲಿ ಅವಳು ಮೇಷ್ಟ್ರನ್ನು ಬೈದದ್ದುಂಟು, ಮುನಿಸಿಕೊಂಡದ್ದುಂಟು. ಆದರೆ ಹೀಗೆ, ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ ಎಂದೂ ನೋಡಿರಲಿಲ್ಲ. ಅವರು ಮೇಜಿನ ಕಡೆಗೆ ಕಣ್ಣು ಇಳಿಸಿದರು. ಕೆಳಗೆ ಬಲಗಾಲು ಒತ್ತುತ್ತಲೇ ಇತ್ತು.

ಮಾರನೆಯ ದಿನ ಕೆಲಸಕ್ಕೆ ಬೇಗ ಹೋದರು. ಹೊಸ ಗಾಜು ಇನ್ನೂ ಬಂದಿರಲಿಲ್ಲ, ಕಾರು ಅಂಗಳದ ಮೂಲೆಯಲ್ಲೇ ನಿಂತಿತ್ತು. ಮೇಷ್ಟ್ರು ಆಕೆ ಕೂರುತ್ತಿದ್ದ ಸೀಟಿನಲ್ಲಿ ಕೂತು ನೋಡಿದರು. ಬೆಳಗಿನ ಬಿಸಿಲು ಬಿರುಕಿಗೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಅದರಾಚೆ ಅಂಗಳ ಗುಡಿಸುತ್ತಿದ್ದವನು ಒಮ್ಮೆ ಕಾಣುತ್ತಿದ್ದ, ಒಮ್ಮೆ ಕಾಣುತ್ತಿರಲಿಲ್ಲ. ಯಾವ ಕ್ಷಣದಲ್ಲಾದರೂ ಹೀಗೆ ಬಿರಿಯಬಹುದಾದ ಗಾಜಿನ ಹಿಂದೆ ಆಕೆಯನ್ನು ಕೂರಿಸಿ ಊರೆಲ್ಲ ಸುತ್ತಿಸಿದ್ದೆನಲ್ಲ ಎಂದು ಆಗ ಅವರಿಗೆ ಹೊಳೆಯಿತು. ಗೆರೆಯನ್ನು ಹಿಂದಕ್ಕೆ ಹಿಂಬಾಲಿಸಿಕೊಂಡು ಹೋದರೆ ಅದು ನೇರವಾಗಿ ಅವರ ಸೀಟಿನ ಮುಂದೆ, ಹಳದಿ ಸ್ಟಿಕ್ಕರಿನಡಿ ಹೋಗಿ ಸೇರುತ್ತಿತ್ತು. ಕಣ್ಣಿದ್ದವರು ಯಾರು ಬೇಕಾದರೂ ನೋಡಬಹುದಿತ್ತು. ಯಾರೂ ನೋಡಿರಲಿಲ್ಲ.

ಮಧ್ಯಾಹ್ನ ಲಾಂಡ್ರಿಗೆ ನಡೆದೇ ಹೋದರು. ಒಳಗೆ ಕಾಲಿಟ್ಟರೆ ಬೇಸಿಗೆಯ ಮೇಲೊಂದು ಬೇಸಿಗೆ. ಸೋಪಿನ ವಾಸನೆ, ಹಬೆ, ಯಂತ್ರಗಳ ಗದ್ದಲ. ಆಕೆ ರೋಲರಿನ ಬಾಯಿಗೆ ಬಿಳಿ ಬಟ್ಟೆ ಉಣಿಸುತ್ತಿದ್ದಳು. ಮೇಷ್ಟ್ರನ್ನು ಕಂಡು ಕೈ ನಿಂತಿತು.

"ನಾನೇ ಬರಬೇಕೂಂತಿದ್ದೆ ಸರ್. ಮುಖ ತೋರಿಸೋಕೆ ಆಗಲಿಲ್ಲ," ಎಂದಳು. "ನಿಮ್ಮ ಗಾಡಿ ಹಾಳು ಮಾಡಿಬಿಟ್ಟೆ. ಕ್ಷಮಿಸಿ."

ನೆಲ ಬಿರಿದು ನುಂಗಬಾರದೇ ಎನಿಸಿತು ಮೇಷ್ಟ್ರಿಗೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಉದುರಿಹೋಯಿತು. "ನೀವಲ್ಲ," ಎಂದರು. ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. "ಗಾಜು ಒಡೆದಿದ್ದು ನೀವಲ್ಲ. ನಾನು!" ಎಂದು ಕೂಗಿಯೇ ಹೇಳಬೇಕಾಯಿತು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಒಡತಿಯೂ ಗಾಜಿನ ಕೋಣೆಯಿಂದ ಹೊರಗೆ ಬಂದಳು. ಕಲ್ಲು, ಲಾರಿ, ಸ್ಟಿಕ್ಕರ್, ಕಾದ ಗಾಜಿಗೆ ಬಿಟ್ಟ ತಣ್ಣನೆಯ ಗಾಳಿ, ತಾವೇ ಒತ್ತಿದ ಬ್ರೇಕ್, ಸೋಮವಾರದ ಚಹಾದಲ್ಲಿ ಆಡಿದ ಮಾತು, ಎಲ್ಲವನ್ನೂ ಮೇಷ್ಟ್ರು ಹೇಳಿ ಮುಗಿಸಿದರು. ಹೇಳುವಾಗ ಆಕೆಯ ಕೈಯ ಸುಟ್ಟ ಕಲೆಗಳನ್ನು ನೋಡುತ್ತಿದ್ದರೇ ಹೊರತು ಮುಖವನ್ನಲ್ಲ.

ಆಕೆ ಅಳಲಿಲ್ಲ, ದೊಡ್ಡತನವನ್ನೂ ತೋರಿಸಲಿಲ್ಲ. "ನಾನಾ ಸರ್ ಅಂತ ಕೇಳಿದೆನಲ್ಲ ಅವತ್ತು," ಎಂದಳು.

"ಕೇಳಿದ್ರಿ."

"ಆವಾಗ ಯಾಕೆ ಹೇಳಲಿಲ್ಲ?"

ಆಕೆ ಮುಂದಿನ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು.

"ಮನೇಲಿ ನನ್ನ ಗಂಡ ಹೇಳಿದ್ರು, ಹೋಗ್ಲಿ ಬಿಡು, ನಿನ್ನ ಕೈಲಾಗೋ ಕೆಲಸ ಅಲ್ಲ ಅಂತ. ಇಲ್ಲಿ ಇವರೂ ಅದನ್ನೇ ಹೇಳಿದ್ರು. ನಾನೂ ನಂಬಿದೆ ಸರ್. ರಾತ್ರಿ ಮಲಗಿದ್ರೂ ಆ ಉಬ್ಬೇ ಕಣ್ಣ ಮುಂದೆ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ತಪ್ಪು ಸಿಗಲೇ ಇಲ್ಲ. ಸಿಗದೇ ಇದ್ದಿದ್ದಕ್ಕೆ ನನ್ನ ದಡ್ಡತನಾನೇ ಕಾರಣ ಅಂದ್ಕೊಂಡೆ." ಆಕೆ ಬಟ್ಟೆಯ ಅಂಚನ್ನು ಎಳೆದು ನೇರ ಮಾಡಿದಳು. "ನನಗೆ ಹೇಳಿದ್ರಿ, ಸರಿ. ಆದ್ರೆ ನಾನು ಒಡೆದೆ ಅಂತ ನೀವು ಹೇಳಿದ್ದು ನನ್ನೊಬ್ಬಳ ಹತ್ತಿರ ಅಲ್ವಲ್ಲ. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ ಬನ್ನಿ. ಆಮೇಲೆ ನಾನು ಬರ್ತೀನೋ ಇಲ್ವೋ ನೋಡೋಣ."

ಒಡತಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾಳೆ ಒಬ್ಬ ಡ್ರೈವರ್‌ಗೆ ಬರೋಕೆ ಹೇಳಿದ್ದೆ," ಎಂದಳು. "ಸದ್ಯಕ್ಕೆ ಬೇಡ ಅಂತೀನಿ. ಆದ್ರೆ ಬಹಳ ದಿನ ವ್ಯಾನು ಸುಮ್ಮನೆ ನಿಲ್ಲೋಕಾಗಲ್ಲ."

ಆ ಸೋಮವಾರ ಚಹಾ ಬಂದ ಕೂಡಲೇ ಮೇಷ್ಟ್ರು ಎದ್ದು ನಿಂತರು. ಈ ವಾರ ಅವರ ಕಾರಿಗೆ ಏನೂ ಆಗಿರಲಿಲ್ಲ, ಹಾಗಾಗಿ ಎಲ್ಲರೂ ಹುಬ್ಬೇರಿಸಿದರು. ಒಬ್ಬ ಆಗಲೇ ನಗಲು ಸಿದ್ಧನಾಗಿ, "ಇನ್ನೊಂದು ಇಸ್ತ್ರಿನಾ ಮೇಷ್ಟ್ರೇ?" ಎಂದ.

"ಲೋಟ ತಗೊಂಡು ಅಂಗಳಕ್ಕೆ ಬನ್ನಿ," ಎಂದರು ಮೇಷ್ಟ್ರು.

ಎಲ್ಲರೂ ಕಾರಿನ ಸುತ್ತ ನಿಂತರು. ಮೇಷ್ಟ್ರು ಬಗ್ಗಿ ಉಗುರಿನಿಂದ ಸ್ಟಿಕ್ಕರಿನ ಮೂಲೆ ಎಬ್ಬಿಸಿದರು. ಚೆನ್ನಾಗಿ ಅಂಟಿತ್ತು. ಹೆಂಡತಿ ಒಂದು ಗುಳ್ಳೆಯೂ ಬಾರದ ಹಾಗೆ ಹಿಡಿದಿದ್ದಳಲ್ಲ. ಚೂರುಚೂರಾಗಿ ಕಿತ್ತು ಬಂತು. ಕೆಳಗೆ ನಕ್ಷತ್ರ ಹಾಗೆಯೇ ಇತ್ತು. ಆದರೆ ಕಾಲುಗಳ ಸಂದಿಯಲ್ಲಿ ದೂಳು ಕೂತು ಕಪ್ಪಾಗಿತ್ತು, ಅದರಿಂದ ಹೊರಟ ಉದ್ದನೆಯ ಬಿರುಕು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಹಳೆಯದು ಯಾವುದು, ಹೊಸದು ಯಾವುದು ಎಂದು ಅಲ್ಲಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕಲ್ಲು ಬಡಿದಾಗ ಸ್ಟೇರಿಂಗ್ ನನ್ನ ಕೈಲಿತ್ತು," ಎಂದರು ಮೇಷ್ಟ್ರು. "ಲಾರಿ ಹಿಂದೆ ಅಂಟಿಕೊಂಡು ಹೋಗ್ತಿದ್ದೆ. ಮುಚ್ಚಿಟ್ಟವನೂ ನಾನೇ. ಅವತ್ತು ಆ ಹೆಂಗಸು ಉಬ್ಬನ್ನ ಸರಿಯಾಗೇ ಹತ್ತಿಸ್ತಿದ್ರು. ಬ್ರೇಕ್ ಒತ್ತಿದ್ದು ನಾನು. ಹೋದ ವಾರ ನಿಮ್ಮನ್ನ ನಗಿಸಿದ್ನಲ್ಲ, ಅದರಲ್ಲಿ ಒಂದು ಮಾತೂ ನಿಜ ಅಲ್ಲ."

ಯಾರೋ ಅಭ್ಯಾಸಬಲದಿಂದ ಕಿಸಕ್ಕೆಂದ, ತಕ್ಷಣ ನಿಲ್ಲಿಸಿದ. ಲೋಟಗಳಲ್ಲಿ ಚಹಾ ಆರುತ್ತಿತ್ತು.

ಯಜಮಾನರು ಬಿರುಕಿನ ಹತ್ತಿರ ಮುಖ ತಂದು ನೋಡಿದರು. "ಗೆರೆ ಸ್ಟಿಕ್ಕರ್ ಕೆಳಗಿಂದ ಬಂದಿದ್ದು ಅವತ್ತೇ ಕಂಡಿತ್ತು ಮೇಷ್ಟ್ರೇ," ಎಂದರು ನಿಧಾನವಾಗಿ. "ಕಂಡರೂ ಯಾಕೆ ಅಂತ ಕೇಳಲಿಲ್ಲ. ಓಡಿಸಿದ್ದು ಹೆಂಗಸು ಅಂದ ಮೇಲೆ ಇನ್ನೇನು ಕೇಳೋದು ಅನ್ನಿಸ್ತು." ಹೆಂಗಸರ ಕೈಗೆ ಗಾಡಿ ಕೊಟ್ಟರೆ ಎಂದಿದ್ದವನು ಲೋಟದ ತಳ ನೋಡುತ್ತ ನಿಂತಿದ್ದ. ಯಜಮಾನರೇ ಲಾಂಡ್ರಿಗೆ ಫೋನ್ ಮಾಡಿದರು.

ಮೇಷ್ಟ್ರು ಅಂದುಕೊಂಡಷ್ಟು ಹಗುರವೇನೂ ಆಗಲಿಲ್ಲ. ಆ ವಾರವೆಲ್ಲ ಸಹೋದ್ಯೋಗಿಗಳು ಅವರೊಡನೆ ಎಚ್ಚರಿಕೆಯಿಂದ ಮಾತಾಡಿದರು. ಭಾವಮೈದನಿಗೂ ಕಥೆಯನ್ನು ಸರಿಯಾಗಿ ಹೇಳಬೇಕಾಯಿತು. ಅವನು, "ಅಯ್ಯೋ ಬಿಡಿ ಭಾವ, ಮೊದಲಿನದ್ದೇ ಚೆನ್ನಾಗಿತ್ತು," ಎಂದಾಗ ಅವರು ಮತ್ತೊಮ್ಮೆ ನಾಚಿದರು. ಹೆಂಡತಿ ಮಾತ್ರ ಅಂದು ಅವರ ತಟ್ಟೆಗೆ ಬಡಿಸುತ್ತ, "ಅವರು ಬಂದ್ರಾ?" ಎಂದು ಕೇಳಿದಳು. "ಇಲ್ಲ," ಎಂದರು ಮೇಷ್ಟ್ರು.

ಹೊಸ ಗಾಜು ಕೂರಿಸಿದ ಮೇಲೆ ಒಂದು ಮಧ್ಯಾಹ್ನ ಆಕೆ ಅಂಗಳದಲ್ಲಿ ನಿಂತಿದ್ದಳು. ಮೇಷ್ಟ್ರಿಗಾಗಿ ಕಾಯದೆ ಕಾರನ್ನು ಸುತ್ತತೊಡಗಿದ್ದಳು. ಟೈರು ಒತ್ತಿದಳು, ದೀಪಗಳನ್ನು ಬಗ್ಗಿ ನೋಡಿದಳು. ಗಾಜಿನ ಬಳಿ ಬಂದು ಆ ತುದಿಯಿಂದ ಈ ತುದಿಗೆ ಉಗುರು ಆಡಿಸುತ್ತ ಬಂದಳು. ಮೇಷ್ಟ್ರ ಕಡೆಯ ಕೆಳಮೂಲೆಯಲ್ಲಿ ಬೆರಳು ನಿಂತಿತು. ಶಾಲೆಯ ನಿಯಮದಂತೆ ಅಲ್ಲಿ ಹೊಸ ಹಳದಿ ಸ್ಟಿಕ್ಕರ್ ಅಂಟಿಸಿದ್ದರು.

"ಸರ್," ಎಂದಳು. "ಇದನ್ನ ತೆಗೀರಿ."

"ಹೊಸ ಗಾಜು ಅದು. ಕೆಳಗೆ ಏನೂ ಇಲ್ಲ," ಎಂದರು ಮೇಷ್ಟ್ರು.

ಆಕೆ ಬೆರಳು ತೆಗೆಯಲಿಲ್ಲ.

ಇನ್ನು ಮುಂದೆ ತಮ್ಮ ಬಾಯಿಮಾತು ಈಕೆಗೆ ಸಾಲದು ಎಂಬುದು ಮೇಷ್ಟ್ರಿಗೆ ಆಗ ಅರ್ಥವಾಯಿತು. ನೋವಾಯಿತು, ನ್ಯಾಯವೆಂದೂ ಅನಿಸಿತು. ಬಗ್ಗಿ, ಅಂಚು ಎಬ್ಬಿಸಿ, ನಿಧಾನವಾಗಿ ಸ್ಟಿಕ್ಕರನ್ನು ಪೂರ್ತಿ ಕಿತ್ತು ತೆಗೆದರು. ಆಕೆ ಆ ಜಾಗದ ಮೇಲೆ ಉಗುರು ಆಡಿಸಿದಳು, ಒಂದು ಸಲ, ಇನ್ನೊಂದು ಸಲ. ಎಲ್ಲೂ ತಡೆಯಲಿಲ್ಲ. ಆಮೇಲೆ ಸ್ಟಿಕ್ಕರನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ಕಾರಿನ ಹಿಂದೆ, ಡಿಕ್ಕಿಯ ಬಾಗಿಲಿನ ಮೇಲೆ ಅಂಟಿಸಿ ಅಂಗೈಯಿಂದ ಒತ್ತಿದಳು. ಇಸ್ತ್ರಿ ಮಾಡಿದ ಹಾಗೆ ಕೂತಿತು.

"ಹತ್ತಿ ಸರ್," ಎಂದಳು.

ಮೇಷ್ಟ್ರು ಹತ್ತಿ ತಮ್ಮ ಸೀಟಿನಲ್ಲಿ ಕೂತರು. ಕಾರು ಮಾರುಕಟ್ಟೆಯ ಬೀದಿ ದಾಟಿತು, ಸೇತುವೆ ದಾಟಿತು. ಶಾಲೆಯ ಹತ್ತಿರದ ಉಬ್ಬು ಕಂಡಿತು. ಆಕೆ ವೇಗ ಇಳಿಸಿ ಗೇರು ಬದಲಿಸಿದಳು. ಮೇಷ್ಟ್ರು ಪಾದವನ್ನು ಬ್ರೇಕಿನ ಮೇಲಿಂದ ಎತ್ತಿ ಪಕ್ಕಕ್ಕೆ ಇಟ್ಟರು.